ಮಂಕುಗಣ್ಣಿನ ಕಲ್ಲಿನ ಮಾಸ್ತರರು

ಮಾರ್ಚ್ ಹದಿನಾರು, ಗುರುವಾರ, ಬೆಳಗ್ಗೆ ಏಳು ಗಂಟೆ. ಸ್ಥಳ: ಬಳ್ಳಾರಿ ಕೌಲ್ ಬಜಾರಿನ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಮತ್ತು ಕುರುಗೋಡಿನ ಕಲ್ಲುಕುಟಿಗ ಎರ್ರೆಪ್ಪ. ನಾನು ಕಾಲುವೆ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದವನು. ಅಪ್ಪ ದಂಡಿನ ಉಗ್ರಾಣದಲ್ಲಿದ್ದರು. ಗಂಟೆ ಹೊಡೆದರೆ ಊಟ, ಗಂಟೆ ಹೊಡೆದರೆ ಓದು ಎಂದು ಬೆಳೆಸಿದರು. ಕೆಲಸದಿಂದ ನಿವೃತ್ತನಾದ ಮೇಲೂ ದಿನವನ್ನು ಹೀಗೆ ಬರೆದಿಟ್ಟೇ ಶುರು ಮಾಡುತ್ತೇನೆ.

ಎರ್ರೆಪ್ಪ ಹೆಗಲ ಮೇಲಿನ ಗಂಟನ್ನು ಇಳಿಸದೆ ಹೊಸ್ತಿಲಲ್ಲೇ ನಿಂತು ಕೇಳಿದ:

“ಸಾಬ್ರ, ಮಾಸ್ತರು ಊರಾಗಿಲ್ಲೇನ್ರಿ? ಮನಿ ಬಾಗಿಲ ಹಾಕೇತಿ. ಈ ವರ್ಷದ ಕಲ್ಲು ತಂದೀನಿ.”

ನನ್ನ ಹೆಂಡತಿ ನನ್ನ ಮುಖ ನೋಡಿದಳು. “ಎರ್ರೆಪ್ಪಣ್ಣ, ಮೊದಲು ಕುಂದ್ರು. ನೀರು ಕುಡಿ,” ಎಂದು ಚೊಂಬು ಕೊಟ್ಟಳು. ಅವನು ನೀರು ಕುಡಿದ ಮೇಲೆ ನಾನು ಹೇಳಿದೆ. ಮಾಸ್ತರರು ತೀರಿಕೊಂಡು ಎರಡು ವಾರ ಕಳೆದಿದೆ. ಜ್ವರ ಬಂದದ್ದು, ಅವರು ಹೋದದ್ದು ಎಲ್ಲ ಬೇಗನೆ ಆಯಿತು. ಅವರ ಮನೆಯವರು ಹಚ್ಚೊಳ್ಳಿಯ ತಮ್ಮನ ಮನೆಗೆ ಹೋಗಿದ್ದಾರೆ. ಹೋಗುವಾಗ ಮಾಸ್ತರರ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು ಹೋದರು.

ಎರ್ರೆಪ್ಪ ಚೊಂಬನ್ನು ಕೆಳಗಿಟ್ಟ. ಆಮೇಲೆ ಗಂಟು ಬಿಚ್ಚಿ ಅಂಗೈಯಗಲದ ಕಲ್ಲಿನ ಚಕ್ಕೆಯೊಂದನ್ನು ಚಾಪೆಯ ಮೇಲಿಟ್ಟ. ಸಿರುಗುಪ್ಪದ ಕಾಲುವೆ ತೂಬಿನ ಅಡಿಗಲ್ಲಿನಿಂದ ತೆಗೆದದ್ದು. ನೀರಿನ ಪಾಚಿಯ ವಾಸನೆ ಇನ್ನೂ ಅದರಲ್ಲಿತ್ತು.

“ಹಂಗಾದ್ರ ಇದನ್ನ ಯಾರ್ ನೋಡ್ತಾರ್ರಿ?” ಎಂದ.

“ನಾನು ನೋಡ್ತೀನಿ. ಸಂಜೀ ತನಕ ಇರು,” ಎಂದೆ. ಕಲ್ಲನ್ನು ಪರೀಕ್ಷೆ ಮಾಡಬೇಕಾದರೆ ಮೊದಲು ತೊಳೆಯಬೇಕು, ಆಮೇಲೆ ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಹಸಿಯಿದ್ದರೆ ಅದು ಸತ್ಯ ಹೇಳುವುದಿಲ್ಲ. ಇದೂ ಮಾಸ್ತರರ ಪಾಠವೇ. ಚಕ್ಕೆಯನ್ನು ಉಜ್ಜಿ ತೊಳೆದು ಮಾಳಿಗೆಯ ಮೇಲಿಟ್ಟು ಬಂದಿದ್ದೇನೆ. ಎರ್ರೆಪ್ಪ ಪಡಸಾಲೆಯಲ್ಲಿ ಮಲಗಿದ್ದಾನೆ. ಕಲ್ಲು ಒಣಗುವಷ್ಟರಲ್ಲಿ ಮಾಸ್ತರರ ಬಗ್ಗೆ ಬರೆದು ಮುಗಿಸಬೇಕು.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆಯುವವರು ಊರಲ್ಲೇ ಕಡಿಮೆ. ಸಾಲಿ ಹುಡುಗರಿಗೆ ಅವರು ಸೈನ್ಸ್ ಮಾಸ್ತರು, ಕುರುಗೋಡಿನವರಿಗೆ ‘ಕಲ್ಲು ನೆಕ್ಕೋ ಮಾಸ್ತರು’. ಮದರಾಸಿಗೆ ಹೋಗಿ ಓದಿ ಬಂದವರು, ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಕಾಲುವೆ ಆಫೀಸಿನವರು ಕಲ್ಲು ಪರೀಕ್ಷೆಗೆ ಅವರನ್ನು ರಜದಲ್ಲಿ ಕರೆಸುತ್ತಿದ್ದರು. ನನಗೆ ಪರಿಚಯವಾದದ್ದು ಹಾಗೆ.

ಕುಳ್ಳ ದೇಹ, ದೊಡ್ಡ ಧ್ವನಿ. ಕೊರಳಲ್ಲಿ ಎರಡು ದಾರ. ಒಂದರಲ್ಲಿ ಲಿಂಗದ ಕರಡಿಗೆ, ಇನ್ನೊಂದರಲ್ಲಿ ಭೂತಗನ್ನಡಿ. ಬೆಳಗಿನ ಪೂಜೆಗೆ ಒಂದನ್ನು ಬಿಚ್ಚಿದ ಕೈ ತಕ್ಷಣ ಇನ್ನೊಂದನ್ನು ಬಿಚ್ಚುತ್ತಿತ್ತು. ಬಂಡೆಯ ಮೇಲೆ ಕಾಲಿಡುವಾಗ ಜೋಡು ಕಳಚಿಡುವರು. “ಚಮ್ಮಾಳಿಗಿ ಹಾಕ್ಕೊಂಡು ಬಂಡಿ ಮ್ಯಾಲ ನಿಂತ್ರ ಕೈಗೆ ಬಟ್ಟಿ ಸುತ್ತಿಕೊಂಡು ಉಂಡಂಗ,” ಎನ್ನುವರು. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಹೀಗೇ. ಬಳ್ಳಾರಿ ಬಂಡೆಯ ಮೇಲೆ ಏಪ್ರಿಲ್‌ನಲ್ಲಿ ಬರಿಗಾಲು ಎಂದರೆ ಏನೆಂಬುದು ಈ ಊರಿನವರಿಗೆ ಗೊತ್ತು. ಮಾಸ್ತರರು ಒಂದು ಕಾಲು ಎತ್ತಿ ಒಂದು ಕಾಲು ಊರಿ ಕುಣಿಯುತ್ತಲೇ ಪಾಠ ಹೇಳುವರು.

ಕಲ್ಲನ್ನು ನಾಲಗೆಗೆ ಮುಟ್ಟಿಸುವ ಅಭ್ಯಾಸ ಅವರನ್ನು ಎಲ್ಲಿಯೂ ಬಿಡುತ್ತಿರಲಿಲ್ಲ. ಒಮ್ಮೆ ನಮ್ಮ ಮನೆಗೆ ಬಂದರು. ನಾನು ಒಳಗಿಂದ ನಕ್ಷೆ ತರುವಷ್ಟರಲ್ಲಿ ಅಂಗಳದಲ್ಲಿದ್ದ ಮಸಾಲೆ ಅರೆಯುವ ಗುಂಡನ್ನು ಎತ್ತಿಕೊಂಡಿದ್ದರು. ಅಮ್ಮ ಅಡುಗೆಮನೆಯಿಂದಲೇ ಕೂಗಿದರು, “ಮಾಸ್ತರ, ನೆಕ್ಕಬ್ಯಾಡ್ರಿ, ಈಗ ಒಣಮೆಣಸಿನಕಾಯಿ ಅರದೀನಿ!” ಕೂಗು ತಡವಾಗಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅವರು ಚಿಟಿಕೆ ಹೊಡೆದು ಹೇಳಿದ ಮಾತು, “ಅವ್ವಾ, ಖಾರ ಭಾರಿ ಐತಿ, ಕಲ್ಲು ಮಾತ್ರ ಅಪರಂಜಿ!” ಅಂದಿನಿಂದ ಅವರು ಬರುವ ಸದ್ದಾದರೆ ಅಮ್ಮ ಗುಂಡನ್ನು ಸೆರಗಿನಲ್ಲಿ ಮುಚ್ಚಿಡುತ್ತಿದ್ದರು.

ಇನ್ನು ಅವರು ಮಾಡಿದ ತಪ್ಪಿನ ಕಥೆ ಬರೆಯಬೇಕು. ಅದನ್ನು ಅವರೇ ಪ್ರತಿ ವರ್ಷ ತಮ್ಮ ತರಗತಿಯಲ್ಲಿ ಹೇಳಿಕೊಂಡು ಕುಣಿದಾಡುತ್ತಿದ್ದುದರಿಂದ ಬರೆಯಲು ಸಂಕೋಚವಿಲ್ಲ.

ನಮ್ಮ ಸೀಮೆಯ ಗ್ರಾನೈಟು ಕಲ್ಲನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಮುಖ್ಯವಾಗಿ ಮೂರು ಬಗೆಯ ಕಾಳು ಕಾಣುತ್ತದೆ. ಗಾಜಿನಂಥದ್ದು ಬೆಣಚು. ಕಪ್ಪಗೆ ಮಿನುಗುವ ಪದರು ಕಾಗೆಬಂಗಾರ. ದಪ್ಪ ದಪ್ಪಗಿದ್ದು ಕೆಂಪಗೋ ಬೆಳ್ಳಗೋ ಹೊಳೆಯುವುದು ಫೆಲ್ಡ್‌ಸ್ಪಾರ್. ಕುರುಗೋಡಿನ ಕಲ್ಲುಕುಟಿಗರು ಈ ಫೆಲ್ಡ್‌ಸ್ಪಾರಿಗೆ ಕಲ್ಲಿನ ‘ಕಣ್ಣು’ ಎನ್ನುತ್ತಾರೆ. ಗಾಳಿ ಮಳೆಗೆ ಸಿಕ್ಕ ಕಲ್ಲಿನಲ್ಲಿ ಮೊದಲು ಕೆಡುವುದು ಕಣ್ಣು. ಅದು ಮಂಕಾಗಿ, ಮೆತ್ತಗಾಗಿ, ಕೊನೆಗೆ ಜೇಡಿಮಣ್ಣಾಗುತ್ತದೆ. ಅಂಥ ಕಲ್ಲನ್ನು ತೂಬಿಗೆ ಹಾಕಿದರೆ ನೀರು ಅದನ್ನು ತಿಂದುಹಾಕುತ್ತದೆ.

ಆ ವರ್ಷ ಸಿರುಗುಪ್ಪದ ಹಳೆಯ ಕಾಲುವೆಯ ತೂಬಿಗೆ ಹೊಸ ಅಡಿಗಲ್ಲು ಹಾಕುವ ಕೆಲಸ ಬಂತು. ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡದೆ ಕಟ್ಟಿರುತ್ತಾರೆ. ಹೊಳೆಗೆ ಹೊಸ ನೀರು ಬರುವ ಮೊದಲು ಕಲ್ಲು ಕೂರಬೇಕು. ಇಲ್ಲದಿದ್ದರೆ ಆ ಕಾಲುವೆಯ ಗದ್ದೆಗಳಿಗೆ ನೀರಿಲ್ಲ. ಕಲ್ಲು ಕಡಿಯುವ ಗುತ್ತಿಗೆ ಕುರುಗೋಡಿನ ಎರ್ರೆಪ್ಪನ ಮನೆತನದ್ದು. ಆಫೀಸಿನವರು ಮಾಸ್ತರರನ್ನು ಕೇಳಿದರು, ಒಳ್ಳೆಯ ಕಲ್ಲನ್ನು ಮೇಸ್ತ್ರಿಗಳು ಗುರುತಿಸುವುದು ಹೇಗೆ, ಒಂದೇ ಮಾತಿನಲ್ಲಿ ಹೇಳಿ ಎಂದು. ಮಾಸ್ತರರಿಗೆ ಮಾದರಿಯಾಗಿ ಕಳಿಸಿದ ಚಕ್ಕೆಗಳೆಲ್ಲ ಹಳ್ಳದ ಬದಿಯ ಮೇಲ್ಗಲ್ಲಿನವು. ಅವನ್ನು ನೋಡಿ ಮಾಸ್ತರರು ಸೂತ್ರ ಹೇಳಿಬಿಟ್ಟರು: “ಕಣ್ಣು ಹೊಳೆದರೆ ಒಳಗೆ, ಮಂಕಾದರೆ ಹೊರಗೆ.”

ಚಿಕ್ಕ ಸೂತ್ರ, ಬೇಗ ಹಬ್ಬಿತು. ತೂಬಿನ ಕೆಲಸದ ಮೇಸ್ತ್ರಿ ಅದನ್ನು ಹಾಡಿನ ಹಾಗೆ ಹೇಳಿಕೊಂಡು ತಿರುಗಿದ. ಎರ್ರೆಪ್ಪನ ಕಲ್ಲಿನ ಕಣಿಯಿಂದ ಕಡಿದು, ಹದಮಾಡಿ, ಮೂಲೆ ಹಿಡಿದು ನಿಲ್ಲಿಸಿದ್ದ ಅಡಿಗಲ್ಲುಗಳ ಕಣ್ಣು ಮಂಕಾಗಿತ್ತು, ಸ್ವಲ್ಪ ಹಸಿರು ಛಾಯೆ ಬೇರೆ. ಮೇಸ್ತ್ರಿ ಒಂದೊಂದರ ಮೇಲೂ ಸುಣ್ಣದ ಗೆರೆ ಎಳೆದು ಹೊರಗೆ ಹಾಕಿದ. ತಿರಸ್ಕರಿಸಿದ ಕಲ್ಲನ್ನು ರಸ್ತೆಯ ಜಲ್ಲಿಗೆ ಒಡೆಯಬಹುದೆಂದು ಅಪ್ಪಣೆಯಾಯಿತು.

ಹೀಗಿರುವಾಗ ಒಂದು ಭಾನುವಾರ ಮಾಸ್ತರರು ಸಾಲೆಯ ಕೋಣೆಗೆ ನನ್ನನ್ನು ಕರೆದಿದ್ದರು. ಮದರಾಸಿನಿಂದ ಎರವಲು ತಂದ ಸೂಕ್ಷ್ಮದರ್ಶಕವಿತ್ತು. ಕಲ್ಲಿನ ಚೂರನ್ನು ಸಾಣೆಯವರು ಬಳಸುವ ಕುರಂದದ ಪುಡಿಯಲ್ಲಿ ಉಜ್ಜಿ ಉಜ್ಜಿ, ಗಾಜಿಗೆ ಅಂಟಿಸಿ, ಮತ್ತೆ ಉಜ್ಜಿ, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗೆ ಮಾಡಿದ್ದರು. ಅಷ್ಟು ತೆಳ್ಳಗಾದರೆ ಕಲ್ಲಿನೊಳಗಿಂದ ಬೆಳಕು ಹಾಯುತ್ತದೆ. ಅವರ ಬೆರಳ ತುದಿಯ ಚರ್ಮ ಸವೆದು ಕೆಂಪಾಗಿತ್ತು.

“ಬರ್ರಿ, ಬರ್ರಿ. ಇವತ್ತು ನಿಮಗ ಕೊಳೆತ ಕಲ್ಲು ತೋರಿಸ್ತೀನಿ. ಎರ್ರೆಪ್ಪನ ಕಣಿದು. ಹೊರಗ ಹಾಕಿದ್ದು. ಒಳಗ ಬರೇ ಕೆಸರು ಕಾಣತೈತಿ, ನೋಡ್ರಿ,” ಎಂದು ಸೂಕ್ಷ್ಮದರ್ಶಕದ ಬುಡದ ಕನ್ನಡಿಯನ್ನು ಕಿಟಕಿಯ ಬಿಸಿಲಿಗೆ ತಿರುಗಿಸಿ ತಾವೇ ಮೊದಲು ಕಣ್ಣಿಟ್ಟರು.

ಮಾತು ನಿಂತಿತು. ಮಾಸ್ತರರ ಮಾತು ತಾನಾಗಿ ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು. ಒಂದು ಕೈ ಗಾಳಿಯಲ್ಲೇ ಉಳಿದಿತ್ತು. ಆಮೇಲೆ ಆ ಕೈ ನನ್ನ ಅಂಗಿ ಹಿಡಿದು ಎಳೆಯಿತು.

ನಾನು ಕಣ್ಣಿಟ್ಟೆ. ಕೊಳವೆಯೊಳಗೆ ಮೇಲೊಂದು ಕೆಳಗೊಂದು ವಿಶೇಷವಾದ ಹರಳು ಇರುತ್ತದೆ. ಅವನ್ನು ಅಡ್ಡಕ್ಕೆ ತಿರುಗಿಸಿದರೆ ಸುತ್ತಲೆಲ್ಲ ಕತ್ತಲಾಗಿ ಕಲ್ಲಿನ ಕಾಳು ಮಾತ್ರ ಬೆಳಗುತ್ತದೆ. ಆ ಕತ್ತಲಲ್ಲಿ ಒಂದು ಕಾಳು, ಬೂದು ಬಿಳಿ ಗೆರೆ ಅಡ್ಡ ಉದ್ದ ನೇಯ್ದ ಚೌಕಡಿ ಸೀರೆಯ ಹಾಗಿತ್ತು. ಅದರ ಪಕ್ಕದ ಕಾಳಿನ ತುಂಬ ಸಣ್ಣ ಸಣ್ಣ ಹರಳು: ನವಿಲಿನ ಕೊರಳಿನ ಬಣ್ಣ, ಗಿಳಿಹಸಿರು, ಹಳದಿ, ಕುಂಕುಮ. ಒಂದರ ಹಲ್ಲು ಇನ್ನೊಂದರಲ್ಲಿ ಕೂತಿತ್ತು. ಕೆಸರು ಎಲ್ಲಿಯೂ ಇರಲಿಲ್ಲ. ನಾನು ನಕ್ಷೆಯವನು, ಗೆರೆ ಮತ್ತು ಬಣ್ಣ ನನ್ನ ಕಸುಬು. ಇಂಥ ಕೆಲಸ ಯಾವ ನೇಕಾರನೂ ಯಾವ ಬಡಗಿಯೂ ಮಾಡಿದ್ದನ್ನು ಕಂಡಿಲ್ಲ.

“ಇದು ಕೊಳೆತಿಲ್ರೀ!” ಮಾಸ್ತರರು ಬೆಂಚಿನ ಮೇಲೇ ಹತ್ತಿದ್ದರು. “ತಪ್ಪು! ನಾ ಹೇಳಿದ್ದು ಪೂರಾ ತಪ್ಪು! ಎಂಥಾ ಚಂದದ ತಪ್ಪು ನೋಡ್ರಿ!”

ಅವರು ಬೆಂಚಿನ ಮೇಲಿಂದಲೇ ವಿವರಿಸಿದರು. ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಗ್ರಾನೈಟು ಹುಟ್ಟಿದ ಎಷ್ಟೋ ಕಾಲದ ಮೇಲೆ ಭೂಮಿಯ ಆಳದಲ್ಲಿ ಮತ್ತೆ ಕಾವಿಗೂ ಒತ್ತಡಕ್ಕೂ ಸಿಕ್ಕಿದರೆ ಅದು ಕರಗದೆ, ಗಟ್ಟಿಯಿದ್ದಂತೆಯೇ ಒಳಗೊಳಗೆ ಬದಲಾಗುತ್ತದೆ. ಕೆಂಪು ಫೆಲ್ಡ್‌ಸ್ಪಾರು ತನ್ನ ಒಳಗಿನ ಕಟ್ಟಡವನ್ನು ಹೊಸದಾಗಿ ಜೋಡಿಸಿಕೊಳ್ಳುತ್ತದೆ. ಚೌಕಡಿ ಕಾಣುವುದು ಅದರಿಂದ. ಬಿಳಿ ಫೆಲ್ಡ್‌ಸ್ಪಾರಿನಲ್ಲಿ ಸುಣ್ಣದ ಅಂಶವಿದೆ. ಅದು ಆ ಕಾವಿನಲ್ಲಿ ಮೊದಲಿನ ಹಾಗೆ ಉಳಿಯಲಾರದು. ಸುಣ್ಣದ ಪಾಲು ಬೇರೆಯಾಗಿ ಗಿಳಿಹಸಿರು ಹರಳಾಗುತ್ತದೆ, ಇನ್ನೊಂದು ಪಾಲು ಬಿಳಿ ಕಾಗೆಬಂಗಾರದ ಹುರುಪೆಯಾಗುತ್ತದೆ, ಉಳಿದದ್ದು ಸುಣ್ಣ ಕಳೆದುಕೊಂಡ ಬೇರೆ ಫೆಲ್ಡ್‌ಸ್ಪಾರಾಗಿ ನಿಲ್ಲುತ್ತದೆ. ಈ ಸಣ್ಣ ಹರಳುಗಳ ಗುಂಪು ನಮ್ಮ ಬರಿಗಣ್ಣಿಗೆ ಮಂಕಾಗಿ ಕಾಣುತ್ತದೆ.

“ಮಾವಿನಕಾಯಿ ಕೊಳೆತ್ರೂ ಬಣ್ಣ ಕೆಡತೈತಿ, ಉಪ್ಪಿನಕಾಯಿ ಆದ್ರೂ ಕೆಡತೈತಿ. ಒಂದನ್ನ ತಿಪ್ಪಿಗೆ ಹಾಕ್ತೀವಿ, ಒಂದನ್ನ ವರ್ಷಗಟ್ಲೆ ಇಟ್ಕೊಂಡು ಉಣ್ತೀವಿ. ಬಣ್ಣ ನೋಡಿ ಎರಡೂ ತಿಪ್ಪಿಗೆ ಹಾಕ್ರಿ ಅಂದ ಶಾಣ್ಯಾ ನಾನು!” ಎಂದು ತಮ್ಮ ತಲೆಗೆ ತಾವೇ ಹೊಡೆದುಕೊಂಡು ನಕ್ಕರು.

ನಗು ಅರ್ಧದಲ್ಲಿ ನಿಂತಿತು. ಬೆಂಚಿನಿಂದ ಇಳಿದರು.

“ಜಲ್ಲಿ,” ಎಂದರು. “ಒಡಿಯಾಕ ಅಪ್ಪಣಿ ಆಗೇತಲ್ರೀ. ಯಾವಾಗಿಂದ?”

“ಈ ವಾರ,” ಎಂದೆ.

ಊಟವಿಲ್ಲ, ಟೋಪಿಯಿಲ್ಲ. ಸೂಕ್ಷ್ಮದರ್ಶಕವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದು ನಾನೇ. ಅವರು ಆಗಲೇ ಬೀದಿಯಲ್ಲಿ ಜಟಕಾದವನ ಜೊತೆ ಜಗಳ ಆಡುತ್ತಿದ್ದರು. “ಕುರುಗೋಡಿಗೇ? ಈ ಬಿಸಿಲಾಗ? ಕುದುರಿ ಸಾಯ್ತತ್ರಿ ಮಾಸ್ತರ,” ಎಂದು ಅವನು. “ಗುಡ್ಡ ಸಾಯಾಕತ್ತೈತಿ, ನೀ ಕುದುರಿ ಮಾತಾಡ್ತಿ! ನಡೀಲೇ!” ಎಂದು ಇವರು. ದಾರಿಯುದ್ದಕ್ಕೂ ಗಾಡಿಯಿಂದ ತಲೆ ಹೊರಗೆ ಹಾಕಿ ಕೂತಿದ್ದರು, ಅದರಿಂದ ಕುದುರೆ ಬೇಗ ಹೋಗುತ್ತದೆ ಎಂಬಂತೆ. ಕುದುರೆಗೆ ಎರಡು ಕಡೆ ನೀರು ಕುಡಿಸಲೇಬೇಕಾಯಿತು. ಎರಡು ಸಲವೂ ಇಳಿದು ತಾವೇ ಮುಂದೆ ನಡೆದುಬಿಟ್ಟರು. ನಾವು ಹಿಂದಿನಿಂದ ಹೋಗಿ ಹತ್ತಿಸಿಕೊಳ್ಳಬೇಕಾಯಿತು.

ಕುರುಗೋಡಿನ ಗುಡ್ಡದ ಬುಡಕ್ಕೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಸುತ್ತಿಗೆಯ ಸದ್ದು ಗಾಡಿಗೇ ಕೇಳಿಸಿತು. ಎರ್ರೆಪ್ಪನ ಹೆಂಡತಿ ಗಂಗಮ್ಮ ಮತ್ತು ಅವಳ ವಾರಗಿತ್ತಿಯರು ಕೂತು ಒಡೆಯುತ್ತಿದ್ದರು. ಸುಣ್ಣದ ಗೆರೆಯ ಕಲ್ಲುಗಳಲ್ಲಿ ಕೆಲವು ಜಲ್ಲಿಯ ಗುಡ್ಡೆಯಾಗಿದ್ದವು. ಬಹಳಷ್ಟು ಇನ್ನೂ ಇಡಿಯಾಗಿ ನಿಂತಿದ್ದವು.

“ನಿಲ್ಲಸ್ರೀ! ನಿಲ್ಲಸ್ರೀ!” ಮಾಸ್ತರರು ಓಡುವ ಗಾಡಿಯಿಂದ ಹಾರಿ ಮುಗ್ಗರಿಸಿ ಎದ್ದರು.

ಗಂಗಮ್ಮ ಸುತ್ತಿಗೆ ಕೆಳಗಿಡಲಿಲ್ಲ. “ಯಾಕ್ರಿ ಮಾಸ್ತರ, ಜಲ್ಲಿಗೂ ಲಾಯಕ್ ಇಲ್ಲಂತ ಹೇಳಾಕ ಬಂದ್ರೇನು? ಕೊಳೆತೈತಿ ಅಂದ್ರಿ. ಕೊಳೆತ ಬದನಿಕಾಯಿ ಕೊಯ್ದ್ರ ಕೈ ಬೊಬ್ಬಿ ಏಳತಾವೇನ್ರಿ? ನೋಡ್ರಿಲ್ಲೆ,” ಎಂದು ಅಂಗೈ ಚಾಚಿದಳು.

ಮಾಸ್ತರರು ಆ ಅಂಗೈಯನ್ನು ನೋಡಿದರು. ತಮ್ಮ ಸವೆದ ಬೆರಳುಗಳನ್ನೂ ಚಾಚಿದರು. “ತಂಗೀ, ಇದ ಕಲ್ಲು ನನ್ನ ಕೈಯನ್ನೂ ಕಡದೈತಿ. ಕಲ್ಲು ಕೊಳೆತಿಲ್ಲ. ನಾ ಹೇಳಿದ್ದು ತಪ್ಪು. ನಾಳಿ ಸಿರುಗುಪ್ಪಕ್ಕ ಹೋಗಿ ಕಾಲುವಿ ದೊರಿ ಮುಂದ ಇದನ್ನ ಹೇಳ್ತೀನಿ. ಅಲ್ಲೀ ತನಕ ಒಂದು ಕಲ್ಲೂ ಒಡೀಬ್ಯಾಡ.”

ಎರ್ರೆಪ್ಪ ಕಂಬದ ಹಾಗೆ ನಿಂತಿದ್ದ. “ದೊರಿ ಕೇಳಲಿಲ್ಲಂದ್ರ?” ಎಂದ. “ನಮ್ಮ ಗುಡ್ಡದ ಕಲ್ಲು ಇನ್ನ ಮ್ಯಾಲೆ ಸರಕಾರದ ಕೆಲಸಕ್ಕ ಬರಂಗಿಲ್ಲ ಅಂತ ಮೇಸ್ತ್ರಿ ಊರತುಂಬ ಹೇಳ್ಯಾನ್ರಿ. ಉಳಿ ಹಿಡಿಯೋ ಕೈಲೆ ಇನ್ನ ಜಲ್ಲಿ ಬುಟ್ಟಿ ಹೊರೋದ.”

“ಕೇಳಂಗ ಹೇಳ್ತೀನಿ,” ಎಂದರು ಮಾಸ್ತರರು. ಆಮೇಲೆ ನನ್ನ ಕಡೆ ತಿರುಗಿ, “ಆದ್ರ ಈ ಗುಡ್ಡದಾಗ ಇಲ್ಲೇ ಯಾಕ ಹಿಂಗಾತು ಅಂತ ದೊರಿ ಕೇಳೇ ಕೇಳ್ತಾರ. ಏಳ್ರಿ, ಬೆಳಕು ಐತಿ,” ಎಂದು ಜೋಡು ಕಳಚಿಟ್ಟು ಗುಡ್ಡ ಹತ್ತತೊಡಗಿದರು.

ಆ ಸಂಜೆಯ ನಡಿಗೆಗಾಗಿಯೇ ನಾನು ಈ ಬರಹ ಬರೆಯುತ್ತಿದ್ದೇನೆ ಎಂದರೂ ಆದೀತು. ಗುಡ್ಡದ ನೆತ್ತಿಯ ಕಡೆ ಕೆಂಪು ಫೆಲ್ಡ್‌ಸ್ಪಾರು ಇಟ್ಟಿಗೆಯ ಹಾಗೆ ಚೌಕಕ್ಕೆ ಚೌಕ, ಅಂಚು ಚೂಪಾಗಿ ಹೊಳೆಯುತ್ತಿತ್ತು. ಮಾಸ್ತರರು ಒಂದೊಂದನ್ನೂ ಬೆರಳಿಟ್ಟು ತೋರಿಸುತ್ತ ಕಣಿಯ ಕಡೆಗೆ ಇಳಿದರು. ಇಳಿದಂತೆ ಚೌಕದ ಮೂಲೆಗಳು ಸವೆದವು. ಇನ್ನೂ ಇಳಿದರೆ ಅವು ಗುಂಡಾಗಿ, ಎರಡು ಬದಿ ಚೂಪಾಗಿ, ನಿಜವಾಗಿ ಕಣ್ಣಿನ ಆಕಾರ ತಳೆದಿದ್ದವು. ಸುತ್ತಲಿನ ಕಪ್ಪು ಕಾಗೆಬಂಗಾರ ರೆಪ್ಪೆಯ ಹಾಗೆ ಅವುಗಳ ಮೇಲೂ ಕೆಳಗೂ ಹರಿದಿತ್ತು. ಕಣಿಯ ಹತ್ತಿರ ಬಂದಾಗ ಕಣ್ಣುಗಳೂ ಚಿಕ್ಕವಾಗಿ, ಕಲ್ಲಿನಲ್ಲಿ ಬಿಳಿ ಕಪ್ಪು ಪಟ್ಟಿಗಳು ಬಿದ್ದು, ಮಂಕು ಹಸಿರು ಛಾಯೆ ಶುರುವಾಯಿತು.

“ಒಂದೇ ಕಲ್ಲು ರೀ! ಮ್ಯಾಲಿಂದ ಇಲ್ಲೀ ತನಕ ಒಂದೇ ಕಲ್ಲು! ಬಳ್ಳಾರಿ ಹತ್ತಿ ಪ್ರೆಸ್ಸು ನೋಡೀರಲ್ಲ? ಹಿಂಜಿದ ಹತ್ತಿ ಹಾಕ್ತಾರ, ಒತ್ತಿದ್ರ ಪದರು ಪದರು ಮೂಟಿ ಆಗತೈತಿ. ಭೂಮಿ ಈ ಪಟ್ಟಿಯಾಗ ಒತ್ತೇತಿ. ಒತ್ತಿದಲ್ಲೆ ಫೆಲ್ಡ್‌ಸ್ಪಾರು ಪುಡಿ ಆಗೇತಿ, ಮತ್ತ ಅದ ಪುಡಿ ಹೊಸಾ ಹರಳಾಗಿ ಹೆಣಕೊಂಡೈತಿ. ಎರ್ರೆಪ್ಪನ ಕಣಿ ಸರಿಯಾಗಿ ಆ ಪಟ್ಟಿ ಮ್ಯಾಲೆ ಐತಿ!”

ಅವರ ಅಂಗಾಲಿನಿಂದ ರಕ್ತ ಬರುತ್ತಿತ್ತು. ಹೇಳಿದೆ. “ಹೌದಾ?” ಎಂದು ನೋಡಿಕೊಂಡು, ಮತ್ತೆ ಮೇಲಕ್ಕೆ ಹತ್ತಿ, ಇನ್ನೊಂದು ಸಲ ಇಳಿದು ಬಂದರು. ಖಾತ್ರಿಯಾಗಬೇಕಿತ್ತಂತೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಸಿರುಗುಪ್ಪದಲ್ಲಿದ್ದೆವು. ತೂಬಿನ ಹತ್ತಿರ ಬೇವಿನ ಮರದ ಕೆಳಗೆ ಇಂಜಿನಿಯರ್ ದೊರೆಗಳು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೇಸ್ತ್ರಿ ಪಕ್ಕದಲ್ಲಿ. ಎರ್ರೆಪ್ಪ ಕೈಕಟ್ಟಿ ದೂರದಲ್ಲಿ. ಮಾಸ್ತರರು ಸುತ್ತುಬಳಸು ಇಲ್ಲದೆ ತಮ್ಮ ಸೂತ್ರ ತಪ್ಪು, ತಿರಸ್ಕರಿಸಿದ ಕಲ್ಲೇ ತೂಬಿಗೆ ಯೋಗ್ಯ ಎಂದು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹೇಳಿದರು.

ಮೇಸ್ತ್ರಿ ನಕ್ಕ. “ಮಾಸ್ತರ, ಹೊಳೆದರೆ ಒಳಗೆ ಮಂಕಾದರೆ ಹೊರಗೆ ಅಂತ ನನ್ನ ಹೆಂಡ್ತೀನೂ ಬಾಯಿಪಾಠ ಮಾಡ್ಯಾಳ. ಮೊನ್ನೆ ಮೀನು ಕೊಳ್ಳಾಕೂ ಅದನ್ನ ಹೇಳಿದ್ಲು. ಈಗ ಬದಲ್ ಮಾಡ್ರಿ ಅಂತೀರಲ್ಲ!”

“ಮೀನಿಗೆ ಬದಲ್ ಮಾಡಬ್ಯಾಡಪ,” ಎಂದರು ಮಾಸ್ತರರು. “ಕಲ್ಲಿಗೆ ಮಾತ್ರ.”

ದೊರೆಗಳು ನಗಲಿಲ್ಲ. ಹಿಂದೆ ಒಂದು ಹೇಳಿದಿರಿ, ಈಗ ಇನ್ನೊಂದು ಹೇಳುತ್ತೀರಿ, ಎರಡನೆಯದನ್ನು ನಾನು ಯಾಕೆ ನಂಬಬೇಕು ಎಂದು ಕೇಳಿದರು. ಎರ್ರೆಪ್ಪ ನೆಲ ನೋಡುತ್ತಿದ್ದ.

“ಆಗ ನಾನು ಕಲ್ಲಿನ ಹೊರಗೆ ನಿಂತು ಮಾತಾಡಿದ್ದೆ. ಈಗ ಒಳಗೆ ಹೋಗಿ ಬಂದಿದ್ದೇನೆ,” ಎಂದರು ಮಾಸ್ತರರು. “ನನ್ನನ್ನು ನಂಬುವುದು ಬೇಡ. ಪರೀಕ್ಷೆ ಮಾಡಿ.”

ಪರೀಕ್ಷೆ ಅವರೇ ಹೇಳಿಕೊಟ್ಟರು. ಹಳ್ಳದ ಬದಿಯ ಕೊಳೆತ ಕಲ್ಲಿನ ಚೂರು ಕೆಲವು, ಎರ್ರೆಪ್ಪನ ಕಣಿಯ ಚೂರು ಕೆಲವು, ಎಲ್ಲವೂ ಮಂಕುಗಣ್ಣಿನವು, ಒಣಗಿದವು. ನೋಡಿದರೆ ಗುರುತು ಸಿಗುವುದಿಲ್ಲ. ಮಾಸ್ತರರ ಕಣ್ಣಿಗೆ ಅವರದೇ ಶಲ್ಯ ಕಟ್ಟಲಾಯಿತು. ದೊರೆಗಳು ಒಂದೊಂದಾಗಿ ಚೂರು ಕೊಟ್ಟರು. ಮಾಸ್ತರರು ಅದರ ಮೇಲೆ ಉಸಿರು ಬಿಟ್ಟು ಮೂಸಿದರು, ಆಮೇಲೆ ನಾಲಗೆಗೆ ಮುಟ್ಟಿಸಿದರು. ಕೊಳೆತ ಕಣ್ಣಿನಲ್ಲಿ ಜೇಡಿ ಇರುವುದರಿಂದ ಉಸಿರು ತಾಗಿದರೆ ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ, ನಾಲಗೆಗೆ ಅಂಟುತ್ತದೆ. ಕಾವಿನಲ್ಲಿ ಬದಲಾದ ಕಣ್ಣಿಗೆ ವಾಸನೆಯಿಲ್ಲ, ಅಂಟುವುದೂ ಇಲ್ಲ.

“ಹೊರಗ… ಹೊರಗ… ಒಳಗ… ಹೊರಗ… ಒಳಗ, ಒಳಗ!” ಎಂದು ಹೇಳುತ್ತ ಹೋದರು. ಮೇಸ್ತ್ರಿ ಚಾಕು ತೆಗೆದು ಒಂದೊಂದನ್ನೂ ಕೆರೆದು ನೋಡಿದ. ಹೊರಗೆ ಅಂದದ್ದರಲ್ಲಿ ಚಾಕು ಹೂತು ಪುಡಿ ಉದುರಿತು. ಒಳಗೆ ಅಂದದ್ದರ ಮೇಲೆ ಚಾಕುವಿನದೇ ಉಕ್ಕು ಸವೆದು ಬೂದು ಗೆರೆ ಬಿತ್ತು. ಒಂದೂ ತಪ್ಪಲಿಲ್ಲ. ಕೊನೆಯದಕ್ಕೆ ಮೇಸ್ತ್ರಿ ತುಂಟತನದಿಂದ ಒಂದು ತುಂಡು ಬೆಲ್ಲ ಇಟ್ಟ. ಮಾಸ್ತರರು ಅದನ್ನು ನೆಕ್ಕಿ, “ಇದು ಪೂರಾ ಒಳಗ,” ಎಂದು ಬಾಯಿಗೆ ಹಾಕಿಕೊಂಡರು. ಸುತ್ತ ನಿಂತಿದ್ದವರೆಲ್ಲ ಗೊಳ್ಳೆಂದರು.

ಆಗ ನಡೆದದ್ದನ್ನು ನಾನು ಹತ್ತಿರದಲ್ಲೇ ಇದ್ದುದರಿಂದ ಕಂಡೆ. ದೊರೆಗಳು ಎರಡೂ ಕಡೆ ನೋಡಿ, ಟೋಪಿಯನ್ನು ಮುಖಕ್ಕೆ ಅಡ್ಡ ಹಿಡಿದು, ಕೊಳೆತ ಚೂರೊಂದನ್ನು ನಾಲಗೆಗೆ ಮುಟ್ಟಿಸಿದರು. ಅದು ಅಂಟಿಕೊಂಡಿತು. ಬಿಡಿಸಿಕೊಳ್ಳುವಾಗ ಮುಖ ಕೆಂಪಾಗಿ, ಕೊನೆಗೆ ಅವರೂ ನಕ್ಕರು.

ಕಲ್ಲು ತರಿಸಿ ಎಂದು ಅಪ್ಪಣೆಯಾಯಿತು. ಒಂದು ಷರತ್ತು: ಪ್ರತಿ ಬೇಸಿಗೆ ಕಾಲುವೆ ಕಟ್ಟಿದಾಗ ತೂಬಿನ ಅಡಿಗಲ್ಲಿನಿಂದ ಒಂದು ಚಕ್ಕೆ ತೆಗೆದು ಪರೀಕ್ಷಿಸಬೇಕು, ಕೆಟ್ಟದ್ದು ಕಂಡರೆ ಹೊಣೆ ಮಾಸ್ತರರದು, ಕುರುಗೋಡಿನ ಕಲ್ಲು ಅಲ್ಲಿಗೆ ಮುಗಿಯಿತು. ಗಾಡಿ ಹತ್ತುವಾಗ ಮಾಸ್ತರರು ನನ್ನ ಬೆನ್ನಿಗೆ ಗುದ್ದಿ ಹೇಳಿದರು, “ವರ್ಷಾ ವರ್ಷಾ ಕಲ್ಲು ನೋಡಾಕ ಅಪ್ಪಣಿ! ನಾನಾಗೇ ಅರ್ಜಿ ಹಾಕಿದ್ರೂ ಕೊಡ್ತಿರಲಿಲ್ಲ. ಶಿಕ್ಷಾ ಅಂತ ಕೊಟ್ಟಾರ, ಪುಣ್ಯಾತ್ಮರು!”

ಬಂಡಿಗಳು ಕುರುಗೋಡಿನಿಂದ ಸಿರುಗುಪ್ಪಕ್ಕೆ ಸಾಲು ಹಿಡಿದವು. ಒಡೆದು ಹೋದ ಕಲ್ಲುಗಳ ಬದಲು ಎರ್ರೆಪ್ಪನ ಮನೆಯವರು ಹೊಸದಾಗಿ ಕಡಿದರು. ಕೊನೆಯ ಕಲ್ಲು ಕೂತ ಕೆಲವೇ ದಿನಕ್ಕೆ ಹೊಳೆ ಕೆಂಪಾಗಿ ಬಂತು. ತೂಬು ಎತ್ತಿದಾಗ ನೀರು ಆ ಮಂಕು ಕಲ್ಲಿನ ಮೇಲೆ ಹಾದು ಕಾಲುವೆಗೆ ಬಿದ್ದದ್ದನ್ನು ಮಾಸ್ತರರು ಮಂಡಿಯೂರಿ ನೋಡಿದರು. ಗಂಗಮ್ಮ ಅವರ ಹಿಂದೆ ನಿಂತು ಎರ್ರೆಪ್ಪನಿಗೆ ಹೇಳುತ್ತಿದ್ದಳು, “ಹಿಡಕೋರಿ, ನೀರು ನೆಕ್ಕಾಕ ಇಳದುಬಿಟ್ಟಾರು.”

ಆ ದೊರೆಗಳು ಬೇರೆ ಜಿಲ್ಲೆಗೆ ಹೋದರು. ಮುಂದೆ ಬಂದವರಿಗೆ ಷರತ್ತಿನ ವಿಷಯವೇ ಗೊತ್ತಿರಲಿಲ್ಲ. ಯಾರೂ ಕೇಳದಿದ್ದರೂ ಪ್ರತಿ ಬೇಸಿಗೆ ಎರ್ರೆಪ್ಪ ಚಕ್ಕೆ ತಂದ, ಮಾಸ್ತರರು ನೋಡಿದರು. ಮೊದಲ ಕೆಲವು ವರ್ಷ ತಾವೇ ಸಿರುಗುಪ್ಪಕ್ಕೆ ಹೋಗುತ್ತಿದ್ದರು. ಕಾಲು ನೋವು ಹೆಚ್ಚಾದ ಮೇಲೆ ಕಲ್ಲೇ ಬಳ್ಳಾರಿಗೆ ಬರತೊಡಗಿತು. ಅವರ ತರಗತಿಯ ಹುಡುಗರಿಗೆ ಅದು ಒಂದು ಹಬ್ಬ. ಪ್ರತಿಯೊಬ್ಬನೂ ಉಸಿರು ಬಿಡಬೇಕು, ಮೂಸಬೇಕು, ನೆಕ್ಕಬೇಕು, ಆಮೇಲೆ ಮಾಸ್ತರರ ತಪ್ಪನ್ನು ಮಾಸ್ತರರ ಮುಂದೆಯೇ ಹೇಳಬೇಕು. ಸರಿಯಾಗಿ ಹೇಳಿದವನ ಬೆನ್ನು ತಟ್ಟುವರು. ಕಳೆದ ವರ್ಷ ನಾನು ಕೇಳಿದೆ, ಇಷ್ಟು ವರ್ಷವಾಯಿತು, ಇನ್ನೂ ಯಾಕೆ ಎಂದು. “ಒಂದ್ಸಲ ನೋಡದೆ ಹೇಳಿದ್ದಕ್ಕ ಗಂಗಮ್ಮನ ಕೈಯಾಗ ಬೊಬ್ಬಿ ಎದ್ದಾವ್ರಿ,” ಎಂದರು. “ನೋಡಿ ಹೇಳೋದು ಅಷ್ಟು ಬೇಗ ಮುಗೀತದೇನು?”

ಇಲ್ಲಿಗೆ ಬರೆಯುವುದನ್ನು ನಿಲ್ಲಿಸಿದೆ. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಮಾಳಿಗೆಯಿಂದ ಚಕ್ಕೆ ಇಳಿಸಿದೆ. ಪೂರ್ತಿ ಒಣಗಿ ಬಿಸಿಯಾಗಿತ್ತು. ನೆರಳಲ್ಲಿಟ್ಟು ಆರಲು ಬಿಟ್ಟೆ. ಎರ್ರೆಪ್ಪ ಎದ್ದು ಮುಖ ತೊಳೆದು ಎದುರಿಗೆ ಬಂದು ಕೂತ. ನನ್ನ ಹೆಂಡತಿ ಬಾಗಿಲಿಗೆ ಒರಗಿ ನಿಂತಳು.

ಭೂತಗನ್ನಡಿ ಹಿಡಿದೆ. ಮಂಕು ಕಣ್ಣು, ಅಂಚಿನಲ್ಲಿ ಗಿಳಿಹಸಿರು ಕಾಳು, ಕಳೆದ ವರ್ಷ ಕಂಡ ಹಾಗೆಯೇ. ಉಸಿರು ಬಿಟ್ಟು ಮೂಸಿದೆ. ಮಣ್ಣಿನ ವಾಸನೆ ಇಲ್ಲ. ಚಾಕು ಎಳೆದೆ. ಬೂದು ಗೆರೆ ಬಿತ್ತು.

“ಇನ್ನೊಂದು ಉಳೀತಲ್ರೀ,” ಎಂದ ಎರ್ರೆಪ್ಪ.

ಇಷ್ಟು ವರ್ಷ ಅದನ್ನು ನಾನು ಮಾಸ್ತರರಿಗೇ ಬಿಟ್ಟಿದ್ದೆ. ಈಗ ಕಲ್ಲನ್ನು ನಾಲಗೆಗೆ ಮುಟ್ಟಿಸಿದೆ. ತಣ್ಣಗಿತ್ತು. 

“ಅಂಟ್ತೇನ್ರಿ?”

“ಇಲ್ಲ. ಒಳಗ,” ಎಂದೆ.

ಎರ್ರೆಪ್ಪ ಟವಲ್ಲಿನಲ್ಲಿ ಮುಖ ಒರೆಸಿಕೊಂಡ. ಆಮೇಲೆ ಚಕ್ಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ತಾನೂ ಒಮ್ಮೆ ನಾಲಗೆಗೆ ಮುಟ್ಟಿಸಿ ನೋಡಿ, ತಲೆಯಾಡಿಸಿ, ಗಂಟು ಕಟ್ಟಿದ. ಕುರುಗೋಡಿನ ಕಡೆಯ ಗಾಡಿ ಸಿಗುವ ಬೀದಿಯ ತನಕ ಅವನನ್ನು ಬಿಟ್ಟು ಬಂದೆ. ಭೂತಗನ್ನಡಿಯನ್ನು ಬಟ್ಟೆಯಲ್ಲಿ ಒರೆಸಿ ಅದರ ಚೀಲದಲ್ಲಿಟ್ಟು ಮೊಳೆಗೆ ತೂಗುಹಾಕಿದೆ. ಈ ದಿನದ ಕೆಲಸ ಮುಗಿಯಿತು.